1958ರ ಇಟಾಲಿಯನ್ 'ಹರ್ಕ್ಯುಲಿಸ್' ನೋಡಿದೆ. ನಗಬೇಕಾ, ಮೆಚ್ಚಬೇಕಾ?

ಸಂಜೆ_ಶೋ
ರಜೆ ಇತ್ತು, ಮಾಡಲು ಕೆಲಸ ಇರಲಿಲ್ಲ. ಯೂಟ್ಯೂಬಿನಲ್ಲಿ ಸ್ಟೀವ್ ರೀವ್ಸ್ ನಟಿಸಿದ 'ಹರ್ಕ್ಯುಲಿಸ್' ಸಿಕ್ಕಿತು, ಹಾಕಿದೆ. ಮೂಲ ಹೆಸರು 'ಲೆ ಫಾತಿಕೆ ದಿ ಎರ್ಕೊಲೆ', ನಿರ್ದೇಶಕ ಪಿಯೆತ್ರೊ ಫ್ರಾಂಚಿಶಿ. ಶುರುವಿನಲ್ಲೇ ರಾಜಕುಮಾರಿ ಯೋಲೆಯ ರಥದ ಕುದುರೆಗಳು ಬೆದರಿ ಓಡುತ್ತವೆ. ನಮ್ಮ ನಾಯಕ ಒಂದು ಮರವನ್ನು ಬುಡಸಮೇತ ಕಿತ್ತು ದಾರಿಗೆ ಅಡ್ಡ ಎಸೆಯುತ್ತಾನೆ, ರಥ ನಿಲ್ಲುತ್ತದೆ, ಅವಳು ಅವನನ್ನು ನೋಡುತ್ತಾಳೆ. ಪ್ರೇಮ ಶುರು.

ನನಗಿರುವ ಗೊಂದಲ ಇಷ್ಟು. ಹೆಸರಿನಲ್ಲಿ 'ಹರ್ಕ್ಯುಲಿಸನ ಸಾಹಸಗಳು' ಅಂತ ಇದೆ. ಹನ್ನೆರಡು ಸಾಹಸ ಇರಬೇಕಲ್ವಾ? ಸಿಂಹ ಒಂದು, ಗೂಳಿ ಒಂದು. ಆಮೇಲೆ ಹಡಗು ಹತ್ತಿ ಜೇಸನ್ ಜೊತೆ ಚಿನ್ನದ ಉಣ್ಣೆಯ ತೊಗಲು ತರಲು ಹೋಗುತ್ತಾರೆ. ಅಲ್ಲಿಂದ ಮುಂದೆ ಅರ್ಧ ಸಿನಿಮಾ ಜೇಸನ್ನದೇ. ಬಣ್ಣ ಮಾಸಿ ಎಲ್ಲಾ ಕಂದು ಕಂದು. ಇಬ್ಬರು ಮಾತಾಡುವಾಗ ಒಬ್ಬರ ಮೂಗು ಮಾತ್ರ ಕಾಣುತ್ತದೆ. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಆದರೂ ಇದನ್ನು ನೋಡಿಯೇ ಇಟಲಿಯವರು ಆರೇಳು ವರ್ಷದಲ್ಲಿ ಇಂಥವನ್ನು ನೂರಕ್ಕೂ ಹೆಚ್ಚು ತೆಗೆದರಂತೆ. ಯಾಕೆ? ತಿಳಿದವರು ಹೇಳಿ.

ಬೆಣ್ಣೆದೋಸೆ
ಮರ ಕಿತ್ತ ಮೇಲೂ ಪ್ರಶ್ನೆ ಕೇಳುತ್ತಿದ್ದೀರಲ್ಲ, ನಿಮಗೆ ನಮಸ್ಕಾರ.

ಹಳೇ_ರೀಲು
ಮೊದಲು ಪ್ರಿಂಟ್ ವಿಷಯ ಬಗೆಹರಿಸೋಣ. ನೀವು ನೋಡಿದ್ದು ಸಿನಿಮಾದ ಮುಕ್ಕಾಲು ಪಾಲೂ ಅಲ್ಲ. ಅದನ್ನು ತೆಗೆದದ್ದು ಅಗಲ ಪರದೆಗೆ. ಅಮೆರಿಕದ ಟಿವಿಗೆ ಹಾಕುವಾಗ ಎರಡೂ ಬದಿ ಕತ್ತರಿಸಿ ಚೌಕ ಮಾಡಿದರು. ಮೂಗು ಮಾತ್ರ ಕಂಡದ್ದು ಅದಕ್ಕೇ. ಆ ಟಿವಿ ಕಾಪಿಯಿಂದ ಟೇಪು, ಟೇಪಿನಿಂದ ಡಿವಿಡಿ, ಡಿವಿಡಿಯಿಂದ ಯೂಟ್ಯೂಬು. ಬಣ್ಣ ಎಲ್ಲಿ ಉಳಿಯುತ್ತೆ? ಅಗಲ ಚೌಕಟ್ಟಿನ ಇಟಾಲಿಯನ್ ಆವೃತ್ತಿ ಹುಡುಕಿ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ಆಮೇಲೆ ನಗಬೇಕೋ ಬೇಡವೋ ಮಾತಾಡೋಣ.

ಗ್ರೀಕ್_ಮೇಷ್ಟ್ರು
ಕಥೆ ವಿಷಯಕ್ಕೆ ಬರುತ್ತೇನೆ. ಹನ್ನೆರಡು ಸಾಹಸ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಚಿತ್ರದ ನಿಜವಾದ ಮೂಲ ಕ್ರಿ.ಪೂ. 3ನೇ ಶತಮಾನದ ಅಪೊಲೋನಿಯಸ್ ಬರೆದ 'ಆರ್ಗೊನಾಟಿಕಾ'. ಅದು ಜೇಸನ್ನನ ಕಥೆ. ಅದರಲ್ಲಿ ಹರ್ಕ್ಯುಲಿಸ್ ಹಡಗು ಹತ್ತುತ್ತಾನೆ, ನಿಜ. ಆದರೆ ದಾರಿ ಮಧ್ಯೆ ಮೀಸಿಯಾದಲ್ಲಿ ಅವನ ಪ್ರೀತಿಯ ಹುಡುಗ ಹೈಲಾಸ್ ಕಾಣೆಯಾಗುತ್ತಾನೆ. ಅವನನ್ನು ಹುಡುಕಲು ಹೋದ ಹರ್ಕ್ಯುಲಿಸನನ್ನು ದಡದಲ್ಲೇ ಬಿಟ್ಟು ಹಡಗು ಹೊರಟುಬಿಡುತ್ತದೆ! ಆ ತೊಗಲು ಇರುವ ಕೊಲ್ಕಿಸ್ ತಲುಪುವುದೇ ಇಲ್ಲ ಅವನು. ಸಿನಿಮಾದವರು ಅವನನ್ನು ಎಳೆದುಕೊಂಡು ಹೋಗಿದ್ದಾರೆ.

ಇನ್ನು ಯೋಲೆ ಪುರಾಣದಲ್ಲಿ ಯೂರಿಟಸ್ ರಾಜನ ಮಗಳು. ಇಲ್ಲಿ ಪೀಲಿಯಸ್ಸನ ಮಗಳಾಗಿದ್ದಾಳೆ. ಎಲ್ಲಕ್ಕಿಂತ ದೊಡ್ಡ ಅನ್ಯಾಯ ಆದದ್ದು ಕೊಲ್ಕಿಸ್ ರಾಜಕುಮಾರಿ ಮೀಡಿಯಾಳಿಗೆ. ಚಿನ್ನದ ತೊಗಲಿನ ಕಥೆಯಲ್ಲಿ ಮೀಡಿಯಾಳೇ ಇಲ್ಲ ಅಂದರೆ ಏನು ಅರ್ಥ? ಅವಳ ಮಂತ್ರ, ಮದ್ದು ಇಲ್ಲದೆ ಜೇಸನ್ ಆ ತೊಗಲು ಮುಟ್ಟಲೂ ಆಗುತ್ತಿರಲಿಲ್ಲ.

ಮಲ್ನಾಡ್_ಮಳೆ
ಮೇಷ್ಟ್ರೇ, ಸ್ವಲ್ಪ ಸಮಾಧಾನ. ಪುರಾಣ ಬದಲಾಯಿಸಿದರು ಅಂತ ಕನ್ನಡದವರು ದೂರುವುದು ಚೆನ್ನಾಗಿರೋದಿಲ್ಲ. ನಮ್ಮ ಆದಿಕವಿ ಪಂಪನೇ ಅರ್ಜುನನ ಜಾಗದಲ್ಲಿ ಅರಿಕೇಸರಿಯನ್ನು ಕೂರಿಸಿ ಭಾರತ ಬರೆದ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಕೊಟ್ಟುಬಿಟ್ಟ. ಸಾವಿರ ವರ್ಷದಿಂದ ಓದುತ್ತಿದ್ದೇವೆ.

ಗ್ರೀಕ್_ಮೇಷ್ಟ್ರು
ಪಂಪನನ್ನು ಇಲ್ಲಿಗೆ ಎಳೆಯಬೇಡಿ ದಯವಿಟ್ಟು. ಪಂಪ ಬದಲಾಯಿಸಿದ್ದಕ್ಕೆ ಕಾರಣ ಇತ್ತು, ಕಾವ್ಯವೂ ಇತ್ತು. ಇಲ್ಲಿ ಇರುವುದು ಎಣ್ಣೆ ಹಚ್ಚಿದ ಎದೆ.

ಮಲ್ನಾಡ್_ಮಳೆ
ಪಂಪನಿಗೂ ರಾಜನೇ ನಿರ್ಮಾಪಕ ಅಲ್ವಾ ಸರ್ 😄

ಬೆಣ್ಣೆದೋಸೆ
ಈ ಎಳೆ ಇಲ್ಲೇ ಮುಗಿದರೂ ನನಗೆ ಸಂತೋಷ.

ಗರಡಿಮನೆ
ಎಣ್ಣೆ ಹಚ್ಚಿದ ಎದೆ ಅಂತ ಹಗುರವಾಗಿ ಹೇಳಬೇಡಿ ಮೇಷ್ಟ್ರೇ. ಸ್ಟೀವ್ ರೀವ್ಸ್ 1947ರ ಮಿಸ್ಟರ್ ಅಮೆರಿಕ, 1950ರ ಮಿಸ್ಟರ್ ಯೂನಿವರ್ಸ್. ಮೊಂಟಾನಾದ ಗ್ಲ್ಯಾಸ್ಗೋ ಅನ್ನುವ ಸಣ್ಣ ಊರಲ್ಲಿ 1926ರಲ್ಲಿ ಹುಟ್ಟಿದವನು. ಈಗಿನವರ ಥರ ಊದಿಕೊಂಡ ಮೈ ಅಲ್ಲ. ಸೊಂಟ ಸಣ್ಣ, ಭುಜ ಅಗಲ, ಕುತ್ತಿಗೆ, ತೋಳು, ಮೀನಖಂಡ ಮೂರೂ ಹೆಚ್ಚುಕಮ್ಮಿ ಒಂದೇ ಅಳತೆ ಇರಬೇಕು ಅನ್ನುವ ಲೆಕ್ಕದ ಮೈ. ಹಾಲಿವುಡ್ಡಿನ ಸೆಸಿಲ್ ಬಿ. ಡೆಮಿಲ್ ತನ್ನ ಸ್ಯಾಮ್ಸನ್ ಪಾತ್ರಕ್ಕೆ ಅವನನ್ನು ನೋಡಿದ್ದರು. ತೂಕ ಇಳಿಸು ಅಂದರು, ಅದು ಕೂಡಿಬರಲಿಲ್ಲ, ಪಾತ್ರ ವಿಕ್ಟರ್ ಮೆಚ್ಯೂರ್‌ಗೆ ಹೋಯಿತು.

ಫ್ರಾಂಚಿಶಿಗೆ ಅವನು ಸಿಕ್ಕ ಕಥೆಯೂ ಚೆನ್ನಾಗಿದೆ. ಹರ್ಕ್ಯುಲಿಸ್ ಆಗಲು ತಕ್ಕ ಆಳು ಸಿಗದೆ ಒದ್ದಾಡುತ್ತಿದ್ದಾಗ, 1954ರ 'ಅಥೀನಾ' ಅನ್ನುವ ಹಾಡು-ಕುಣಿತದ ಸಿನಿಮಾ ನೋಡಿ ಬಂದ ಮಗಳು "ಅಪ್ಪಾ, ನಿನ್ನ ಹರ್ಕ್ಯುಲಿಸ್ ಅಲ್ಲಿದ್ದಾನೆ" ಅಂದಳಂತೆ.

ಮೈಸೂರಿನಲ್ಲಿ ನಮ್ಮ ಸೋದರಮಾವ ಕಸರತ್ತು ಮಾಡುತ್ತಿದ್ದ ಕೋಣೆಯಲ್ಲಿ ಆಂಜನೇಯನ ಪಟ, ಅದರ ಕೆಳಗೆ ಮ್ಯಾಗಜಿನ್ನಿನಿಂದ ಕತ್ತರಿಸಿ ಅಂಟಿಸಿದ ರೀವ್ಸ್ ಫೋಟೊ. ಮಟ್ಟಿ ಮಣ್ಣಿನ ಕೈ ತಾಗಿ ತಾಗಿ ಅದರ ಒಂದು ಮೂಲೆ ಕೆಂಪಾಗಿತ್ತು. ಸಿನಿಮಾ ನೋಡಿರಲಿಲ್ಲ ಅವರು. ಫೋಟೊ ಸಾಕಾಗಿತ್ತು.

ಚಿತ್ರಾನ್ನ_ಪ್ರಿಯೆ
ರೀವ್ಸ್ ಮೈ ಚೆನ್ನಾಗಿದೆ, ಒಪ್ಪಿದೆ. ನಟನೆ? ಸಿಟ್ಟು ಬಂದರೂ ಅದೇ ಮುಖ, ಪ್ರೀತಿ ಬಂದರೂ ಅದೇ ಮುಖ.

ಗರಡಿಮನೆ
ಮೇಡಂ, ಕಂಬ ಎಳೆಯುವಾಗಿನ ಮುಖ ನೋಡಿ. ಅದು ನಟನೆ ಅಲ್ಲವಾ?

ಬೆಳಕಿನವ
ಕಂಬದ ಮಾತು ಬಂತಲ್ಲ, ಈಗ ನಾನು ಬರುತ್ತೇನೆ. ನಾನು ಸಿನಿಮಾ ಸೆಟ್ಟುಗಳಲ್ಲಿ ಲೈಟ್ ಕೆಲಸ ಮಾಡುವವನು. ಈ ಸಿನಿಮಾವನ್ನು ನಿರ್ದೇಶಕನಿಗೋಸ್ಕರ ನೋಡಬೇಡಿ, ನಾಯಕನಿಗೋಸ್ಕರವೂ ಬೇಡ. ಕ್ಯಾಮೆರಾಮನ್ ಹೆಸರು ಓದಿ: ಮಾರಿಯೊ ಬಾವಾ. ಎರಡು ವರ್ಷ ಬಿಟ್ಟು 1960ರಲ್ಲಿ 'ಲಾ ಮಾಸ್ಕೆರಾ ದೆಲ್ ದೆಮೋನಿಯೊ' ಮಾಡಿ ಇಟಲಿಯ ದೆವ್ವದ ಸಿನಿಮಾಗಳಿಗೆ ದಾರಿ ಹಾಕಿದವನು ಇವನೇ. ಅವನ ಅಪ್ಪ ಯೂಜೀನಿಯೊ ಬಾವಾ ಮೂಕಿ ಕಾಲದ ಕ್ಯಾಮೆರಾಮನ್, ಟ್ರಿಕ್ ಕೆಲಸದಲ್ಲಿ ಪಳಗಿದವನು. ಮನೆಯಲ್ಲೇ ಕಲಿತ ವಿದ್ಯೆ.

ಕೊನೆಯ ದೃಶ್ಯವನ್ನೇ ತಗೊಳ್ಳಿ. ಹರ್ಕ್ಯುಲಿಸ್ ಕೈಗಳಲ್ಲಿ ಸರಪಳಿ. ಅರಮನೆ ಮೆಟ್ಟಿಲ ಮೇಲೆ ಸೈನಿಕರು ನುಗ್ಗಿ ಬರುತ್ತಿದ್ದಾರೆ. ಅವನು ಎರಡೂ ಸರಪಳಿಗಳನ್ನು ಎರಡು ಕಂಬಕ್ಕೆ ಸುತ್ತಿ, ನಡುವೆ ನಿಂತು ಎಳೆಯುತ್ತಾನೆ. ಮೊದಲು ಸರಪಳಿ ಬಿಗಿಯಾಗುತ್ತದೆ. ಆಮೇಲೆ ತೋಳು. ಆಮೇಲೆ ಕಂಬದಿಂದ ಪುಡಿ ಉದುರುತ್ತದೆ. ಆಮೇಲೆ ಇಡೀ ಮೊಗಸಾಲೆ ಸೈನಿಕರ ಮೇಲೆ ಬೀಳುತ್ತದೆ. ಕಂಬ ಟೊಳ್ಳು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಆದರೆ ಬೆಳಕು ಬದಿಯಿಂದ ಬಿದ್ದಿದೆ. ಎದುರಿನಿಂದ ಬಿಟ್ಟಿದ್ದರೆ ಬಣ್ಣ ಬಳಿದ ಗಾರೆ ಅಂತ ಒಂದು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು. ಬದಿ ಬೆಳಕಿಗೆ ಕಂಬದ ಗೀರುಗಳಲ್ಲಿ ನೆರಳು ಕೂತು, ಕಲ್ಲಿನ ತೂಕ ಬರುತ್ತದೆ. ರೀವ್ಸ್ ಮೈ ಅಷ್ಟು ಚೆನ್ನಾಗಿ ಕಾಣಲಿಕ್ಕೂ ಅದೇ ಕಾರಣ. ಗರಡಿಯವರು ಬೇಜಾರಾಗಬಾರದು, ಅರ್ಧ ಸ್ನಾಯು ಬಾವಾನದ್ದು.

ಗರಡಿಮನೆ
ಬೇಜಾರಾಗಿದೆ.

ಹಳೇ_ರೀಲು
@ಬೆಳಕಿನವ ಸರಿಯಾಗಿ ಹೇಳಿದಿರಿ. ಭವಿಷ್ಯ ನುಡಿಯುವ ಸಿಬಿಲ್‌ಳ ದೃಶ್ಯವನ್ನೂ ಸೇರಿಸಿ. ಹರ್ಕ್ಯುಲಿಸ್ ಅಮರತ್ವ ಬೇಡ, ಮನುಷ್ಯರ ಥರ ಪ್ರೀತಿಸಬೇಕು, ಮನೆ ಮಕ್ಕಳು ಬೇಕು ಅಂತ ಕೇಳಿಕೊಳ್ಳುತ್ತಾನೆ. ಮಳೆ ಸುರಿಯುತ್ತದೆ. ದೇವರ ಮಗ ಮೊದಲ ಸಲ ಮಳೆಯಲ್ಲಿ ನೆನೆಯುವ ಮನುಷ್ಯನಾಗುತ್ತಾನೆ. ಇದನ್ನು ಬರೆದವರಲ್ಲಿ ಎನ್ನಿಯೊ ದೆ ಕೊಂಚೀನಿ ಒಬ್ಬರು. ಅವರೇ ಮುಂದೆ 'ಇಟಾಲಿಯನ್ ಶೈಲಿಯ ವಿಚ್ಛೇದನ' ಚಿತ್ರಕಥೆಗೆ ಆಸ್ಕರ್ ಹಂಚಿಕೊಂಡವರು. ದಡ್ಡರು ಬರೆದ ಸಿನಿಮಾ ಅಲ್ಲ ಇದು.

ಲೆಕ್ಕದ_ಪುಸ್ತಕ
ಎಲ್ಲರೂ ಬೆಳಕು, ಮಳೆ ಅಂತೀರಿ. ಸಂಜೆ_ಶೋ ಕೇಳಿದ್ದು ಇಷ್ಟೊಂದು ಯಾಕೆ ತೆಗೆದರು ಅಂತ. ಉತ್ತರ ಒಂದೇ: ದುಡ್ಡು.

ಇಟಲಿಯಲ್ಲೇ ಚಿತ್ರ ಭರ್ಜರಿ ಓಡಿತ್ತು. ಆಮೇಲೆ ಜೋಸೆಫ್ ಇ. ಲೆವಿನ್ ಅಂತ ಬೋಸ್ಟನ್ನಿನ ಹಂಚಿಕೆದಾರ ಅಮೆರಿಕದ ಹಕ್ಕನ್ನು ಸುಮಾರು 1,20,000 ಡಾಲರ್‌ಗೆ ಕೊಂಡ. ಪ್ರಚಾರಕ್ಕೆ ಸುರಿದದ್ದು ಹತ್ತು ಲಕ್ಷ ಡಾಲರ್‌ಗೂ ಜಾಸ್ತಿ. ಕೊಂಡ ಬೆಲೆಯ ಎಂಟು ಪಟ್ಟಿಗಿಂತ ಹೆಚ್ಚು ಬರೀ ಜಾಹೀರಾತಿಗೆ! ಆಗ ಹೊಸ ಸಿನಿಮಾವನ್ನು ದೊಡ್ಡ ಊರಿನ ಕೆಲವೇ ಥಿಯೇಟರುಗಳಲ್ಲಿ ಹಾಕಿ, ನಿಧಾನಕ್ಕೆ ಸಣ್ಣ ಊರಿಗೆ ಬಿಡುವ ರೂಢಿ. ಇವನು 1959ರ ಬೇಸಿಗೆಯಲ್ಲಿ ಸುಮಾರು 600 ಪ್ರಿಂಟ್ ಹಾಕಿಸಿ ಒಟ್ಟಿಗೇ ಬಿಟ್ಟ. ಟಿವಿಯಲ್ಲಿ ಜಾಹೀರಾತು, ರೇಡಿಯೊದಲ್ಲಿ ಜಾಹೀರಾತು. ವಿಮರ್ಶಕರು ಬರೆಯುವಷ್ಟರಲ್ಲಿ ಮಕ್ಕಳೆಲ್ಲ ನೋಡಿ ಆಗಿತ್ತು. ಈಗ ಎಲ್ಲ ದೊಡ್ಡ ಸಿನಿಮಾದವರು ಮಾಡುವುದು ಇದನ್ನೇ ತಾನೇ? ಮೊದಲ ವಾರಾಂತ್ಯದಲ್ಲಿ ಬಾಚಿಕೋ.

ಅಷ್ಟು ಸಣ್ಣ ಸಿನಿಮಾ ಅಷ್ಟು ದುಡ್ಡು ತಂದರೆ ರೋಮಿನಲ್ಲಿ ಯಾವ ನಿರ್ಮಾಪಕ ಸುಮ್ನೆ ಕೂರುತ್ತಾನೆ?

ಚಿತ್ರಾನ್ನ_ಪ್ರಿಯೆ
ಅಂದರೆ ಒಳ್ಳೆಯ ಸಿನಿಮಾ ಅಲ್ಲ, ಒಳ್ಳೆಯ ಪೋಸ್ಟರ್.

ಲೆಕ್ಕದ_ಪುಸ್ತಕ
ಪೋಸ್ಟರ್ ನೋಡಿ ಒಂದು ದಿನ ಬರುತ್ತಾರೆ. ಎರಡನೇ ಭಾಗಕ್ಕೂ ಬಂದರಲ್ಲ, ಅದಕ್ಕೇನು ಹೇಳ್ತೀರಿ?

ರೋಮಾಪುರಿ
ನಾನು ಕೆಲಸದ ಮೇಲೆ ರೋಮಿಗೆ ಬಂದು ಇಲ್ಲೇ ಉಳಿದವನು, ಊರು ಸಾಗರ. ಲೆಕ್ಕದವರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಇಲ್ಲಿ ಎಲ್ಲಾ ಸಿದ್ಧವಾಗಿತ್ತು. ಮುಸೊಲಿನಿ ಕಾಲದಲ್ಲಿ, 1937ರಲ್ಲಿ ಕಟ್ಟಿದ ಚಿನೆಚಿತ್ತಾ ಸ್ಟುಡಿಯೊ. ಯುದ್ಧ ಮುಗಿದ ಮೇಲೆ ಅಮೆರಿಕದವರು ಇಲ್ಲಿ ಗಳಿಸಿದ ದುಡ್ಡನ್ನು ಪೂರ್ತಿ ಮನೆಗೆ ಒಯ್ಯಲು ಬಿಡುತ್ತಿರಲಿಲ್ಲ. ಹಾಗಾಗಿ ಇಲ್ಲೇ ಬಂದು ಸಿನಿಮಾ ತೆಗೆದರು. 1951ರ 'ಕ್ವೋ ವಾದಿಸ್', 1959ರ 'ಬೆನ್-ಹರ್' ಎರಡೂ ಇಲ್ಲೇ. ರಥ ಓಡಿಸುವವರು, ಶಿರಸ್ತ್ರಾಣ ಬಡಿಯುವವರು, ಗಾರೆ ಕಂಬ ಎರಕ ಹೊಯ್ಯುವವರು, ಕತ್ತಿವರಸೆ ಕಲಿತ ಸಾಹಸ ಕಲಾವಿದರು, ಎಲ್ಲರೂ ಪಳಗಿದ್ದರು. ದೊಡ್ಡ ಚಿತ್ರದ ಉಡುಪು, ಸೆಟ್ಟು ಸಣ್ಣ ಚಿತ್ರದಲ್ಲಿ ಮತ್ತೆ ಮತ್ತೆ ತಿರುಗುತ್ತಿತ್ತು.

ಈಗ ಮೆಟ್ರೊ ಎ ಲೈನಿನಲ್ಲಿ ಹೋದರೆ ಸ್ಟುಡಿಯೊ ಗೇಟಿನ ಎದುರಿಗೇ ಇಳಿಯಬಹುದು.

ಹೊರಾಂಗಣಕ್ಕೆ ಇವರ ಮೆಚ್ಚಿನ ಜಾಗ ರೋಮಿನ ಉತ್ತರಕ್ಕಿರುವ ಮೊಂತೆ ಜೆಲಾತೊ ಜಲಪಾತ, ತ್ರೇಯಾ ನದಿಯದು. ಇಂಥ ಎಷ್ಟು ಸಿನಿಮಾಗಳಲ್ಲಿ ಅದು ಬರುತ್ತದೋ. ಪರದೆಯ ಮೇಲೆ ಬೃಹತ್ತಾಗಿ ಕಾಣುತ್ತದೆ. ಹೋಗಿ ನೋಡಿದರೆ, ಸಾಗರದವನಾದ ನನಗೆ ನಗು ಬಂತು. ಎರಡಾಳು ಎತ್ತರ ಅನ್ನಬಹುದು, ಅಷ್ಟೇ. ಪಕ್ಕದಲ್ಲಿ ಹಳೆಯ ಗಿರಣಿ. ಬೇಸಿಗೆಯಲ್ಲಿ ಜನ ಟವೆಲ್ ಹಾಸಿಕೊಂಡು ಕಲ್ಲಂಗಡಿ ತಿನ್ನುತ್ತಿರುತ್ತಾರೆ. ಅಲ್ಲೇ ಎಷ್ಟೋ ಹರ್ಕ್ಯುಲಿಸರು ಎಷ್ಟೋ ರಾಜಕುಮಾರಿಯರನ್ನು ಕಾಪಾಡಿದ್ದಾರೆ.

ಮಲ್ನಾಡ್_ಮಳೆ
ಸಾಗರದವರಾ! ಎಲ್ಲಿ, ಇಕ್ಕೇರಿ ಕಡೆಯಾ?

ರೋಮಾಪುರಿ
ಹೌದು ಮಾರಾಯ್ರೇ, ಇಕ್ಕೇರಿಯಿಂದ ಸ್ವಲ್ಪ ಮುಂದೆ.

ಬೆಣ್ಣೆದೋಸೆ
ಜೋಗ ನೋಡಿದವರನ್ನು ಹೊರದೇಶದ ಜಲಪಾತಕ್ಕೆ ಕಳಿಸಬಾರದು ಅನ್ನೋದು.

ಚಿತ್ರಾನ್ನ_ಪ್ರಿಯೆ
ಸರಿ, ಹೆಂಗಸರ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಯೋಲೆಯಾಗಿ ಸಿಲ್ವಾ ಕೊಶಿನಾ ಮಾಡುವುದು ಓಡುವುದು, ಅಳುವುದು, ಕಾಯುವುದು. ಆದರೆ ಅಮೆಜಾನರು ಅನ್ನುವ ಹೆಣ್ಣು ಯೋಧರ ರಾಣಿ ಆಂತೇಯಾ ಬಂದಾಗ ಸಿನಿಮಾ ಎದ್ದು ಕೂರುತ್ತದೆ. ಜಾನ್ನಾ ಮರಿಯಾ ಕನಾಲೆ ಅನ್ನುವ ನಟಿ. 1947ರ ಮಿಸ್ ಇಟಾಲಿಯಾದಲ್ಲಿ ಎರಡನೇ ಸ್ಥಾನ ಬಂದವಳು. ಅವಳ ದ್ವೀಪದ ನಿಯಮ ಏನೆಂದರೆ ಗಂಡಸರನ್ನು ಸತ್ಕರಿಸಿ ಆಮೇಲೆ ಮುಗಿಸಬೇಕು. ಅವಳಿಗೆ ಜೇಸನ್ ಮೇಲೆ ಮನಸ್ಸಾಗುತ್ತದೆ. ಕೊಲ್ಲಬೇಕಾದವಳು, ಕೊಲ್ಲಲಾರಳು. ಆ ಕೆಲವು ನಿಮಿಷದಲ್ಲಿ ಇರುವಷ್ಟು ಸಂಕಟ ಉಳಿದ ಸಿನಿಮಾದಲ್ಲಿ ಇಲ್ಲ. ಇವರೆಲ್ಲ ಏನು ಮಾಡುತ್ತಾರೆ? ರಾತ್ರೋರಾತ್ರಿ ಹಡಗು ಹತ್ತಿ ಪರಾರಿ! ವೀರರಂತೆ.

ಇನ್ನೊಂದು. ಸಾಮಾನ್ಯವಾಗಿ ಕ್ಯಾಮೆರಾ ನಾಯಕಿಯನ್ನು ಮೇಲಿಂದ ಕೆಳಗೆ ನೋಡುತ್ತದಲ್ಲ, ಇಲ್ಲಿ ನಾಯಕನನ್ನೂ ಹಾಗೇ ನೋಡುತ್ತದೆ. ಅದೊಂದು ನನಗೆ ಮಜಾ ಅನ್ನಿಸಿತು.

ಗ್ರೀಕ್_ಮೇಷ್ಟ್ರು
ಲೆಮ್ನೋಸ್ ದ್ವೀಪದ ಕಥೆ ಮೂಲದಲ್ಲೂ ಇದೆ. ಆದರೆ ಅವರು ಅಮೆಜಾನರಲ್ಲ, ಗಂಡಂದಿರನ್ನು ಕೊಂದ ಲೆಮ್ನೋಸಿನ ಹೆಂಗಸರು. ರಾಣಿ ಹಿಪ್ಸಿಪೈಲ್. ಅಲ್ಲಿಂದ ಎಲ್ಲರನ್ನೂ ಬೈದು ಹಡಗು ಹತ್ತಿಸುವವನು ಹರ್ಕ್ಯುಲಿಸನೇ, ಅದನ್ನು ಮಾತ್ರ ಇವರು ಸರಿಯಾಗಿ ಹಿಡಿದಿದ್ದಾರೆ.

ಚಿತ್ರಾನ್ನ_ಪ್ರಿಯೆ
ನೋಡಿ, ಮೇಷ್ಟ್ರು ಒಂದು ಅಂಕ ಕೊಟ್ಟರು.

ತೂಕಡಿಕೆ
ನನಗೆ ಇವೆಲ್ಲ ಗೊತ್ತಿಲ್ಲ. ತುಟಿ-ಮಾತು ಹೊಂದದ್ದು ನೋಡಿ ತಲೆನೋವು ಬಂತು. ಒಂದು ಸಿನಿಮಾ ಡಬ್ ಮಾಡಲೂ ಬಾರದವರು ಏನು ಸಿನಿಮಾ ಮಾಡುತ್ತಾರೆ.

ಹಳೇ_ರೀಲು
ಬಾರದೆ ಅಲ್ಲ. ಇಟಲಿಯಲ್ಲಿ ಆಗ ಸೆಟ್ಟಿನಲ್ಲಿ ಧ್ವನಿ ಹಿಡಿಯುತ್ತಲೇ ಇರಲಿಲ್ಲ. ಅಮೆರಿಕದವನು ಇಂಗ್ಲಿಷಿನಲ್ಲಿ, ಇಟಲಿಯವಳು ಇಟಾಲಿಯನ್ನಿನಲ್ಲಿ, ಯೂಗೊಸ್ಲಾವಿಯದವರು ಅವರ ಭಾಷೆಯಲ್ಲಿ ಹೇಳಿಬಿಡುತ್ತಿದ್ದರು. ಆಮೇಲೆ ಸ್ಟುಡಿಯೊದಲ್ಲಿ ಎಲ್ಲರ ಬಾಯಿಗೂ ಬೇರೆಯವರ ದನಿ. ಇಂಗ್ಲಿಷ್ ಆವೃತ್ತಿಯಲ್ಲಿ ರೀವ್ಸ್ ಮಾತಾಡುವುದೂ ರೀವ್ಸ್ ದನಿಯಲ್ಲಿ ಅಲ್ಲ. ದೊಡ್ಡ ದೊಡ್ಡ ಇಟಾಲಿಯನ್ ನಿರ್ದೇಶಕರ ಚಿತ್ರಗಳೂ ಹೀಗೇ ಆದವು.

ತೂಕಡಿಕೆ
ಅಲ್ಲಿ ಎಲ್ಲಾ ಡಬ್. ನಮ್ಮಲ್ಲಿ ನೋಡಿ, ಎಷ್ಟು ವರ್ಷ ಡಬ್ಬಿಂಗ್ ಬೇಡ ಅಂತ ಕೂತಿದ್ದೆವು. ಇಂಥ ಸಿನಿಮಾ ಕನ್ನಡದಲ್ಲಿ ಬಂದಿದ್ದರೆ ಮಕ್ಕಳು ಕನ್ನಡದಲ್ಲೇ ನೋಡುತ್ತಿದ್ದರು.

ಬೆಳಕಿನವ
ಆ ಕಾಲದ ಕಾರಣ ಬೇರೆ ಇತ್ತು. ಎಲ್ಲಾ ಮದರಾಸಿನಲ್ಲಿ ತಯಾರಾಗುತ್ತಿದ್ದಾಗ ಡಬ್ಬಿಂಗ್ ಬಂದಿದ್ದರೆ ಇಲ್ಲಿನ ಕೆಲಸಗಾರರ ಹೊಟ್ಟೆಗೆ ಏನಿತ್ತು?

ತೂಕಡಿಕೆ
ಅದು ಅರವತ್ತರ ದಶಕದ ಮಾತು. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬರುವವರೆಗೂ ಅದೇ ಕಾರಣ ಹೇಳಿದ್ದು ಯಾಕೆ?

ಬೆಳಕಿನವ
ಯಾಕೆ ಅಂತ ಕೇಳುವವರು ಒಂದು ದಿನ ಸೆಟ್ಟಿಗೆ ಬಂದು...

ನಿರ್ವಾಹಕ
ಡಬ್ಬಿಂಗ್ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಸಾಕಷ್ಟು ರಕ್ತ ಹರಿದಿದೆ. ಇಲ್ಲಿ ಹರ್ಕ್ಯುಲಿಸ್ ಮಾತ್ರ.

ಗರಡಿಮನೆ
ಹರ್ಕ್ಯುಲಿಸ್ ಮಾತ್ರ ಅಂದಿರಿ, ಹಾಗಾದರೆ ದಾರಾ ಸಿಂಗ್ ಬಗ್ಗೆ ಹೇಳಬಹುದು. 1964ರಲ್ಲಿ ಹಿಂದಿಯಲ್ಲಿ 'ಹರ್ಕ್ಯುಲಿಸ್' ಅಂತಲೇ ಬಂತು, ದಾರಾ ಸಿಂಗ್ ನಾಯಕ. ಅದೇ ವರ್ಷ 'ಸ್ಯಾಮ್ಸನ್'. ಅದಕ್ಕೆ ಮೊದಲು 1962ರಲ್ಲಿ 'ಕಿಂಗ್ ಕಾಂಗ್', 1963ರಲ್ಲಿ 'ಫೌಲಾದ್'. ಇಟಲಿಯ ಅಲೆ ಬೊಂಬಾಯಿಗೆ ಬಡಿದದ್ದು ಹೀಗೆ. ಅಲ್ಲಿ ಮಿಸ್ಟರ್ ಯೂನಿವರ್ಸ್, ಇಲ್ಲಿ ಅಖಾಡದ ಪೈಲ್ವಾನ. ರೀವ್ಸ್ ಮೈ ನೋಡಲು ಚೆಂದ. ದಾರಾ ಸಿಂಗ್ ಮೈ ನಿಜವಾಗಿ ಕುಸ್ತಿ ಮಾಡಿದ ಮೈ. ಮುಂದೆ ಟಿವಿ ರಾಮಾಯಣದಲ್ಲಿ ಅವರೇ ಹನುಮಂತ ಆದರಲ್ಲ.

ಕರಾವಳಿ_ಎಕ್ಸ್‌ಪ್ರೆಸ್
ಅಲೆ ಅಲೆ ಅಂತೀರಿ, ನಮಗೆ ಇಟಲಿಯಿಂದ ಯಾಕೆ ಬರಬೇಕು? ನಮ್ಮ ಉದ್ಯಾವರದ ವಿಠಲಾಚಾರ್ಯರು ಕತ್ತಿ, ಮಂತ್ರವಾದಿ, ಮಾತಾಡುವ ಅಸ್ಥಿಪಂಜರ ಎಲ್ಲಾ ಇಟ್ಟುಕೊಂಡು ತೆಲುಗು, ಕನ್ನಡ ಎರಡರಲ್ಲೂ ಮಾಡಿದ್ದರು. 'ವೀರಕೇಸರಿ' ನೋಡಿಲ್ವಾ? ರಾಜ್‌ಕುಮಾರ್ ಕುದುರೆ ಮೇಲೆ ಬಂದರೆ ಸಾಕು, ಮರ ಕೀಳುವುದು ಬೇಡ.

ಸಂಜೆ_ಶೋ
'ವೀರಕೇಸರಿ' ಅಂದ ಕೂಡಲೇ ತಲೆಯಲ್ಲಿ 'ಮೆಲ್ಲುಸಿರೇ ಸವಿಗಾನ' ಶುರುವಾಯಿತು. ಇವತ್ತು ಕೆಲಸ ಆಗುವುದಿಲ್ಲ ಬಿಡಿ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಎರಡನೇ ಭಾಗ ನೋಡಬಹುದಾ?

ಗರಡಿಮನೆ
ಖಂಡಿತ ನೋಡಿ. 1959ರದು, ಅದರಲ್ಲೂ ರೀವ್ಸ್, ಅದೇ ನಿರ್ದೇಶಕ. ಆಂಟಿಯಸ್ ಪಾತ್ರದಲ್ಲಿ ಪ್ರೀಮೊ ಕಾರ್ನೆರಾ ಇದ್ದಾನೆ, 1933ರಲ್ಲಿ ಬಾಕ್ಸಿಂಗ್ ಹೆವಿವೇಟ್ ಚಾಂಪಿಯನ್ ಆದವನು. ನೆಲ ಮುಟ್ಟಿದಷ್ಟೂ ಆಂಟಿಯಸ್ಸನಿಗೆ ಬಲ ಬರುತ್ತದೆ. ಹರ್ಕ್ಯುಲಿಸ್ ಕೆಡವುತ್ತಾನೆ, ಅವನು ಏಳುತ್ತಾನೆ, ಮತ್ತೆ ಕೆಡವುತ್ತಾನೆ, ಮತ್ತೆ ಏಳುತ್ತಾನೆ. ಕೊನೆಗೆ ಎತ್ತಿ ನೀರಿಗೆ ಎಸೆಯುತ್ತಾನೆ. ಕಥೆಯಲ್ಲಿ ಹರ್ಕ್ಯುಲಿಸ್ ಮರೆವಿನ ನೀರು ಕುಡಿದು ರಾಣಿ ಓಂಫಾಲೆಯ ಕೈಗೆ ಸಿಕ್ಕಿಬೀಳುತ್ತಾನೆ. ಅವಳು ಬೇಸರವಾದ ಪ್ರೇಮಿಗಳನ್ನು ಪ್ರತಿಮೆ ಥರ ಮಾಡಿ ಇಟ್ಟಿರುತ್ತಾಳೆ.

ಚಿತ್ರಾನ್ನ_ಪ್ರಿಯೆ
ಈ ರಾಣಿ ನನಗೆ ಇಷ್ಟವಾದಳು.

ಹಳೇ_ರೀಲು
ಇನ್ನು ಬರೀ ಹರ್ಕ್ಯುಲಿಸ್ ಅಂದರೆ ಆಗಲಿಲ್ಲ, ಮಚಿಸ್ತೆಯನ್ನು ಬಿಡಬಾರದು. ಇವನು ಗ್ರೀಕನೂ ಅಲ್ಲ, ಪುರಾಣದವನೂ ಅಲ್ಲ. 1914ರ ಮೂಕಿ ಚಿತ್ರ 'ಕಬಿರಿಯಾ'ದಲ್ಲಿ ಹುಟ್ಟಿದವನು. ಆ ಪಾತ್ರ ಮಾಡಿದ ಬಾರ್ತೊಲೊಮಿಯೊ ಪಗಾನೊ ಜಿನೋವಾ ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಕೂಲಿ. ಜನ ಎಷ್ಟು ಮೆಚ್ಚಿದರೆಂದರೆ ಅವನ ಮೇಲೇ ಸಾಲು ಸಾಲು ಸಿನಿಮಾ ಬಂತು. ಅದರಲ್ಲಿ ಒಂದರಲ್ಲಿ ಮಚಿಸ್ತೆ ನರಕಕ್ಕೆ ಹೋಗುತ್ತಾನೆ. ಇಟಲಿಯ ದೊಡ್ಡ ನಿರ್ದೇಶಕ ಫೆಲಿನಿ ತಾನು ಚಿಕ್ಕಂದಿನಲ್ಲಿ ನೋಡಿದ ಮೊದಲ ಸಿನಿಮಾ ಅಂತ ನೆನೆಯುತ್ತಿದ್ದದ್ದು ಅದನ್ನೇ.

ರೀವ್ಸ್ ಗೆದ್ದ ಮೇಲೆ ಮಚಿಸ್ತೆಯನ್ನು ಮತ್ತೆ ಎಬ್ಬಿಸಿದರು. 1962ರ 'ಮಚಿಸ್ತೆ ಅಲ್ ಇನ್‌ಫೆರ್ನೊ' ನೋಡಿ, ರಿಕಾರ್ಡೊ ಫ್ರೆದಾ ನಿರ್ದೇಶನ. ನಾಯಕ ಕರ್ಕ್ ಮೋರಿಸ್ ಅಂದರೆ ಯಾರೋ ಅಮೆರಿಕದವನು ಅಂದುಕೊಳ್ಳಬೇಡಿ, ಅಸಲಿ ಹೆಸರು ಅದ್ರಿಯಾನೊ ಬೆಲ್ಲೀನಿ, ವೆನಿಸ್ಸಿನಲ್ಲಿ ದೋಣಿ ನಡೆಸುತ್ತಿದ್ದವನು. ಕಥೆ ನಡೆಯುವುದು 17ನೇ ಶತಮಾನದ ಸ್ಕಾಟ್‌ಲೆಂಡಿನಲ್ಲಿ! ಎಲ್ಲರೂ ಕೋಟು, ಗೌನು ಹಾಕಿಕೊಂಡು ಮಾಟಗಾತಿಯನ್ನು ಸುಡುತ್ತಿದ್ದಾರೆ. ಎಲ್ಲಿಂದಲೋ ಕೌಪೀನದಂಥ ತುಂಡು ಬಟ್ಟೆ ಉಟ್ಟ ಮಚಿಸ್ತೆ ಕುದುರೆ ಮೇಲೆ ಬರುತ್ತಾನೆ. ಯಾಕಪ್ಪಾ ಹೀಗೆ, ಚಳಿ ಆಗಲ್ವಾ ಅಂತ ಒಬ್ಬನೂ ಕೇಳುವುದಿಲ್ಲ. ಸೀದಾ ಮರ ಕಿತ್ತು, ಕೆಳಗಿನ ಗುಂಡಿಯಿಂದ ನರಕಕ್ಕೆ ಇಳಿಯುತ್ತಾನೆ.

ಬೆಣ್ಣೆದೋಸೆ
ಮತ್ತೆ ಮರ. ಈ ಜನಕ್ಕೆ ಅರಣ್ಯ ಇಲಾಖೆ ಇರಲಿಲ್ವಾ?

ಲೆಕ್ಕದ_ಪುಸ್ತಕ
ಅಮೆರಿಕದವರಿಗೆ ಮಚಿಸ್ತೆ ಯಾರು ಅಂತ ಗೊತ್ತಿರಲಿಲ್ಲ. ಅದಕ್ಕೆ ಅಲ್ಲಿ ಅವನು ಗೊಲಾಯತ್ ಆದ, ಸ್ಯಾಮ್ಸನ್ ಆದ, ಹರ್ಕ್ಯುಲಿಸ್ ಆದ. ಒಂದಷ್ಟು ಚಿತ್ರಗಳನ್ನು ಗುಡ್ಡೆ ಹಾಕಿ, ಎಲ್ಲಾ ನಾಯಕರೂ 'ಹರ್ಕ್ಯುಲಿಸನ ಮಕ್ಕಳು' ಅಂತ ಹೇಳಿ, ಮುಂದೆ ಒಂದು ಹಾಡು ಸೇರಿಸಿ ಟಿವಿಗೆ ಮಾರಿದರು. ಸರಕು ಒಂದೇ, ಚೀಟಿ ಬೇರೆ.

ಕೆಂಪು_ಪೆನ್ನು
ಚರ್ಚೆ ಚೆನ್ನಾಗಿದೆ, ಆದರೆ ಒಂದು ವಿಷಯ ತಪ್ಪಿಸಿಕೊಳ್ಳುತ್ತಿದೆ. ಇಟಲಿಯಲ್ಲಿ ಎದೆ ತೋರಿಸುವ ಬಲಶಾಲಿ ನಾಯಕ ಅಂದರೆ ಸುಮ್ನೆ ಮನರಂಜನೆ ಅಲ್ಲ. ಮುಸೊಲಿನಿ ಅಂಗಿ ಬಿಚ್ಚಿ ಗೋಧಿ ಕೊಯ್ಯುವ ಫೋಟೊ ತೆಗೆಸಿಕೊಂಡವನು. 1937ರಲ್ಲಿ ರೋಮನ್ ಸೇನಾಪತಿ ಸ್ಕಿಪಿಯೊ ಮೇಲೆ ಸರ್ಕಾರದ ದುಡ್ಡಿನಲ್ಲೇ ದೊಡ್ಡ ಸಿನಿಮಾ ಬಂತು, ಇಥಿಯೋಪಿಯಾ ಯುದ್ಧವನ್ನು ಹೊಗಳಲು. ಇಪ್ಪತ್ತು ವರ್ಷ ಕಳೆದು ಅದೇ ದೇಶದಲ್ಲಿ ಮತ್ತೆ ಸ್ನಾಯುವಿನ ಮನುಷ್ಯ ಬರುತ್ತಾನೆ. ಯೋಚಿಸಬೇಕಾದ ವಿಷಯ ಅಲ್ವಾ?

ಹಳೇ_ರೀಲು
ಯೋಚಿಸಿದರೆ ಉಲ್ಟಾ ಕಾಣುತ್ತದೆ. ಸ್ಕಿಪಿಯೊ ಸಾಮ್ರಾಜ್ಯ ಕಟ್ಟುತ್ತಾನೆ. ರೀವ್ಸನ ಹರ್ಕ್ಯುಲಿಸ್ ಅಣ್ಣನನ್ನು ಕೊಲ್ಲಿಸಿ ಸಿಂಹಾಸನ ಏರಿದ ರಾಜನ ಅರಮನೆ ಕೆಡವುತ್ತಾನೆ. ತಾನು ಪಟ್ಟಕ್ಕೆ ಕೂರುವುದಿಲ್ಲ, ಯೋಲೆ ಜೊತೆ ಹಡಗು ಹತ್ತಿ ಹೋಗುತ್ತಾನೆ. ಇವರ ಹೆಚ್ಚಿನ ಕಥೆ ಇದೇ: ಸರ್ವಾಧಿಕಾರಿ, ಗಣಿಯಲ್ಲಿ ಗಾಣದಲ್ಲಿ ದುಡಿಯುವ ಗುಲಾಮರು, ಹೊರಗಿನಿಂದ ಬಂದು ಬಿಡಿಸುವ ಒಬ್ಬ.

ಕೆಂಪು_ಪೆನ್ನು
ಬಿಡಿಸುವವನು ಯಾವಾಗಲೂ ಒಬ್ಬನೇ, ಗುಲಾಮರು ತಾವೇ ಎದ್ದು ಬಿಡಿಸಿಕೊಳ್ಳುವುದಿಲ್ಲ. ಅದೇ ನನ್ನ ತಕರಾರು.

ರೋಮಾಪುರಿ
ಇಲ್ಲಿನ ಹಿರಿಯರು ಹೇಳುವುದು ಕೇಳಿ. ಆ ವರ್ಷಗಳಲ್ಲಿ ದಕ್ಷಿಣ ಇಟಲಿಯ ಹಳ್ಳಿಗಳಿಂದ ಸಾವಿರಾರು ಜನ ತೊರೀನೊ, ಮಿಲಾನೊ ಕಾರ್ಖಾನೆಗಳಿಗೆ ಹೋದರು. ಹೊಲದಲ್ಲಿ ತೋಳಿನ ಬಲಕ್ಕೆ ಬೆಲೆ ಇತ್ತು. ಅಲ್ಲಿ ಯಂತ್ರ, ಬೆಲ್ಟು, ಗಂಟೆ. ಅಗ್ಗದ ಟಿಕೆಟಿನ ಬಡಾವಣೆ ಥಿಯೇಟರಿನಲ್ಲಿ ಸಂಜೆ ಕೂತು, ತೋಳಿನಿಂದಲೇ ಎಲ್ಲಾ ಬಗೆಹರಿಸುವವನನ್ನು ನೋಡಿದರೆ ಅವರಿಗೆ ಏನನ್ನಿಸಿರಬೇಕು?

ಕೆಂಪು_ಪೆನ್ನು
ಇದು ಒಪ್ಪುವ ಮಾತು.

ಲೆಕ್ಕದ_ಪುಸ್ತಕ
ಕೊನೆ ಹೇಗಾಯಿತು ಅಂತಲೂ ಹೇಳಿಬಿಡುತ್ತೇನೆ. 1959ರಲ್ಲಿ 'ಪೊಂಪೆಯ ಕೊನೆಯ ದಿನಗಳು' ತೆಗೆಯುವಾಗ ನಿರ್ದೇಶಕ ಮಾರಿಯೊ ಬೊನ್ನಾರ್ಡ್‌ಗೆ ಹುಷಾರು ತಪ್ಪಿತು. ಸಹಾಯಕನಾಗಿದ್ದ ಸೆರ್ಜಿಯೊ ಲಿಯೊನೆ ಬಹುಪಾಲು ಮುಗಿಸಿದ. ಅದೇ ಚಿತ್ರದಲ್ಲಿ ರಥ ಮರಕ್ಕೆ ಬಡಿದು ರೀವ್ಸನ ಭುಜ ಕಳಚಿತು. ಆ ಪೆಟ್ಟು ಅವನನ್ನು ಕೊನೆವರೆಗೂ ಬಿಡಲಿಲ್ಲ. ಲಿಯೊನೆ 1961ರಲ್ಲಿ ತನ್ನ ಹೆಸರಿನಲ್ಲಿ ಮೊದಲ ಚಿತ್ರ 'ರೋಡ್ಸ್‌ನ ಬೃಹತ್ ಪ್ರತಿಮೆ' ಮಾಡಿದ. 1964ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಹಾಕಿಕೊಂಡು ಕೌಬಾಯ್ ಸಿನಿಮಾ ಮಾಡಿದ, ಅಷ್ಟೇ. ರೋಮಿನ ನಿರ್ಮಾಪಕರೆಲ್ಲ ಚಪ್ಪಲಿ ಬಿಚ್ಚಿ ಬೂಟು ಹಾಕಿಕೊಂಡರು. ಎರಡೇ ವರ್ಷದಲ್ಲಿ ಹರ್ಕ್ಯುಲಿಸ್‌ಗಳಿಗೆ ಕೆಲಸ ಇಲ್ಲ.

ಗ್ರೀಕ್_ಮೇಷ್ಟ್ರು
ಆ ಪ್ರತಿಮೆಯನ್ನು ಲಿಯೊನೆ ಬಂದರಿನ ಎರಡು ದಡಕ್ಕೆ ಕಾಲಿಟ್ಟು ನಿಲ್ಲಿಸಿದ್ದಾನೆ, ಕೆಳಗೆ ಹಡಗು ಹೋಗುತ್ತದೆ. ಅಸಲಿ ಪ್ರತಿಮೆ ಹಾಗೆ ನಿಂತಿರಲು ಸಾಧ್ಯವೇ ಇಲ್ಲ. ಎತ್ತರ ಸುಮಾರು 33 ಮೀಟರ್ ಇತ್ತು, ಕಂಚಿನದು. ಭೂಕಂಪಕ್ಕೆ ಮೊಣಕಾಲಿನಲ್ಲಿ ಮುರಿದು ನೆಲಕ್ಕೆ ಬಿತ್ತು, ನೀರಿಗಲ್ಲ.

ಮಲ್ನಾಡ್_ಮಳೆ
ಮೇಷ್ಟ್ರೇ, ನೀವು ಇಷ್ಟೆಲ್ಲಾ ಸಿನಿಮಾ ನೋಡಿದ್ದೀರಿ. ಬೈಯಲಿಕ್ಕಾದರೂ ಪೂರ್ತಿ ನೋಡಿದ್ದೀರಿ.

ಗ್ರೀಕ್_ಮೇಷ್ಟ್ರು
ಪಾಠ ಮಾಡುವಾಗ ಉದಾಹರಣೆಗೆ ಬೇಕಾಗುತ್ತದೆ.

ಗರಡಿಮನೆ
😂😂

ಬೆಳಕಿನವ
@ಸಂಜೆ_ಶೋ ಎರಡನೇ ಭಾಗ ಆಮೇಲೆ ನೋಡಿ. ಮೊದಲು ಬಾವಾ ತಾನೇ ನಿರ್ದೇಶಿಸಿದ 1961ರ 'ಎರ್ಕೊಲೆ ಅಲ್ ಚೆಂತ್ರೊ ದೆಲ್ಲಾ ತೆರ್ರಾ' ನೋಡಿ. ಅದರಲ್ಲಿ ಹರ್ಕ್ಯುಲಿಸ್ ಆದವನು ರೆಜ್ ಪಾರ್ಕ್, ಬ್ರಿಟನ್ನಿನ ಮಿಸ್ಟರ್ ಯೂನಿವರ್ಸ್. ಆರ್ನಾಲ್ಡ್ ಶ್ವಾರ್ಜ್‌ನೆಗರ್ ಹುಡುಗನಾಗಿದ್ದಾಗ ಇವನನ್ನು ಪರದೆ ಮೇಲೆ ನೋಡಿಯೇ ತಾನೂ ಹೀಗಾಗಬೇಕು ಅಂತ ಹೊರಟದ್ದು. ದುಡ್ಡು ಇರಲಿಲ್ಲ, ಸೆಟ್ಟೂ ಇರಲಿಲ್ಲ. ಇದ್ದ ಕೆಲವೇ ಕಂಬಗಳನ್ನು ಅತ್ತಿತ್ತ ಸರಿಸಿ, ಹೊಗೆ ಬಿಟ್ಟು, ಲೈಟಿನ ಮುಂದೆ ಕೆಂಪು, ಹಸಿರು, ನೀಲಿ ಹಾಳೆ ಹಾಕಿ ಇಡೀ ಪಾತಾಳ ಮಾಡಿಬಿಟ್ಟಿದ್ದಾನೆ. ಒಂದೇ ಚೌಕಟ್ಟಿನಲ್ಲಿ ಮುಖದ ಒಂದು ಬದಿ ಹಸಿರು, ಇನ್ನೊಂದು ಬದಿ ಕೆಂಪು. ಯಾಕೆ ಅಂತ ಕೇಳಬಾರದು, ಪಾತಾಳದಲ್ಲಿ ಸೂರ್ಯ ಎಲ್ಲಿದ್ದಾನೆ? ನಾನು ಕೆಲಸ ಕಲಿಯುವಾಗ ನಮ್ಮ ಗುರುಗಳು ಮೊದಲು ತೋರಿಸಿದ್ದು ಇದನ್ನೇ.

ಸಂಜೆ_ಶೋ
ಖಳನಾಯಕ ಕ್ರಿಸ್ಟೋಫರ್ ಲೀ ಅಂತ ಕಾಣುತ್ತಿದೆಯಲ್ಲ ಇದರಲ್ಲಿ! ಹಾಗಾದರೆ ಇವತ್ತೇ ನೋಡುತ್ತೇನೆ. ಆ ಮನುಷ್ಯನ ದನಿ ಕೇಳಲಿಕ್ಕೆ ಏನು ಬೇಕಾದರೂ ನೋಡಬಹುದು.

ಹಳೇ_ರೀಲು
ಹೇಳಲು ಬೇಜಾರು. ಅವನಿಗೂ ಬೇರೆಯವರೇ ಡಬ್ ಮಾಡಿದ್ದಾರೆ, ಇಂಗ್ಲಿಷಿನಲ್ಲೂ.

ಸಂಜೆ_ಶೋ
ಕ್ರಿಸ್ಟೋಫರ್ ಲೀಗೆ?! ಯಾರು ಸ್ವಾಮಿ ಆ ಧೈರ್ಯ ಮಾಡಿದವರು?

ತೂಕಡಿಕೆ
ನಾನು ಡಬ್ಬಿಂಗ್ ಬಗ್ಗೆ ಏನೂ ಹೇಳುವುದಿಲ್ಲ.

ನಿರ್ವಾಹಕ
ಧನ್ಯವಾದ.